ಗಂಡ ಗಡಿಯಲ್ಲಿ, ಹೆರಿಗೆ ತವರಲ್ಲಿ

ಪ್ರಶ್ನೆ: ನಾವು ದೇವದುರ್ಗ ತಾಲೂಕಿನ ಹಳ್ಳಿಯವರು. ಮಗಳನ್ನ ಮಾನ್ವಿ ಕಡೆ ಕೊಟ್ಟೀವಿ. ಅಳಿಯ ಮಿಲ್ಟ್ರಿಯೊಳಗ ಇದ್ದಾರ, ಈಗ ಜಮ್ಮು ಕಡೆ ಡ್ಯೂಟಿ. ಲಗ್ನ ಆಗಿ ಒಂದು ವರ್ಷ ಆತು. ಮಗಳಿಗೆ ಈಗ ಐದು ತಿಂಗಳು, ಚೊಚ್ಚಲ ಹೆರಿಗಿ ನಮ್ಮ ಮನಿಯಾಗ. ಮಿಲ್ಟ್ರಿಯವರ ಹೆಂಡ್ತಿಗೆ ಎಲ್ಲಾ ಫ್ರೀ, ರಾಯಚೂರಿನ ದೊಡ್ಡ ದವಾಖಾನಿಯಾಗ ಕಾರ್ಡ್ ತೋರಿಸಿದ್ರ ಸಾಕು ಅಂತ ಊರವರು ಅಂತಾರ. ಅಳಿಯನ್ನ ಕೇಳಿದ್ರ ಸಿಕಂದರಾಬಾದಿಗೆ ಹೋಗ್ಬೇಕು ಅಂತಾರ. ಯಾವುದು ಖರೇ? ಇನ್ನೊಂದು ಮಾತು. ನಮ್ಮ ಭಾವನವರು ಹವಾಲ್ದಾರ್ ಆಗಿ ರಿಟೈರ್ ಆಗಿದ್ರು, ಮೂರು ವರ್ಷದ ಹಿಂದ ತೀರ್ಕೊಂಡ್ರು. ನಮ್ಮ ನೆಗೆಣ್ಣಿಗೆ ಪೆನ್ಶನ್ ಬರ್ತೈತಿ. ಆಕೀಗೆ ಶುಗರ್, ಬಿ.ಪಿ. ಎರಡೂ ಅದಾವ. ಬಂದ ಪೆನ್ಶನ್ ಗುಳಿಗಿಗೇ ಹೋಗ್ತೈತಿ. ಆಕೀಗೆ ಏನೂ ಸಿಗೂದಿಲ್ಲೇನು?

ಉತ್ತರ: ಅಕ್ಕಾವರೆ, ನಿಮ್ಮ ಅಳಿಯ ಹೇಳಿದ್ದೇ ಖರೆ. ಊರವರು ಹೇಳುವುದು ಪೂರ್ತಿ ಸುಳ್ಳೇನೂ ಅಲ್ಲ. ಎರಡು ಬೇರೆ ಬೇರೆ ಸವಲತ್ತುಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದಾರೆ ಅಷ್ಟೆ. ಕಾರ್ಡ್ ತೋರಿಸಿ ಖಾಸಗಿ ಆಸ್ಪತ್ರೆಯಲ್ಲಿ ಕೈಯಿಂದ ರೊಕ್ಕ ಕೊಡದೆ ಚಿಕಿತ್ಸೆ ಪಡೆಯುವುದು ಸೇನೆಯಿಂದ ನಿವೃತ್ತರಾದವರ ಮನೆಯವರಿಗೆ ಇರುವ ಯೋಜನೆ. ಅದನ್ನು ಇಸಿಎಚ್‌ಎಸ್ ಎನ್ನುತ್ತಾರೆ, ಮಾಜಿ ಸೈನಿಕರು ವಂತಿಗೆ ಕಟ್ಟಿ ಸೇರುವ ಆರೋಗ್ಯ ಯೋಜನೆ. ಇನ್ನೂ ಸೇವೆಯಲ್ಲಿರುವ ಸೈನಿಕನ ಹೆಂಡತಿಗೆ ಆ ಕಾರ್ಡ್ ಬರುವುದಿಲ್ಲ. ಆಕೆಗೆ ತೆರೆದಿರುವುದು ಮಿಲಿಟರಿ ಆಸ್ಪತ್ರೆಯ ಬಾಗಿಲು. ಹಾಗಾಗಿ ಮಗಳ ದಾರಿ ಒಂದು, ನೆಗೆಣ್ಣಿಯ ದಾರಿ ಇನ್ನೊಂದು. ನೀವು ಎರಡನ್ನೂ ಒಂದೇ ಪತ್ರದಲ್ಲಿ ಕೇಳಿದ್ದು ಒಳ್ಳೆಯದೇ ಆಯಿತು, ನಮ್ಮ ಜಿಲ್ಲೆಯ ಬಹಳ ಮನೆಗಳಲ್ಲಿ ಈ ಎರಡೂ ಕಾಗದಗಳು ಒಂದೇ ಟ್ರಂಕಿನಲ್ಲಿ ಗೊಂದಲವಾಗಿ ಬಿದ್ದಿರುತ್ತವೆ.

ಮೊದಲು ಮಗಳ ಮಾತು.

ಸೈನಿಕನ ಹೆಂಡತಿ ಮಕ್ಕಳಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಬಸುರಿಯ ತಪಾಸಣೆ, ಸ್ಕ್ಯಾನಿಂಗ್, ಹೆರಿಗೆ, ಕೂಸಿನ ಲಸಿಕೆ ಎಲ್ಲವೂ ಉಚಿತ. ಇದರಲ್ಲಿ ಅನುಮಾನವೇ ಬೇಡ. ತೊಂದರೆ ಇರುವುದು ಆ ಆಸ್ಪತ್ರೆ ಇರುವ ಜಾಗದಲ್ಲಿ. ಸೇನೆಯ ಆಸ್ಪತ್ರೆಗಳು ಹುಟ್ಟಿದ್ದು ದಂಡು ಬೀಡುಬಿಟ್ಟ ಊರುಗಳಲ್ಲಿ, ಬ್ರಿಟಿಷರ ಕಾಲದ ಕಂಟೋನ್ಮೆಂಟುಗಳಲ್ಲಿ. ಸಿಪಾಯಿ ಎಲ್ಲಿದ್ದಾನೋ ವೈದ್ಯರೂ ಅಲ್ಲಿರಬೇಕು ಎಂಬುದು ಆಗಿನ ಲೆಕ್ಕ. ಸಿಪಾಯಿಯ ಹೆಂಡತಿ ಎಲ್ಲಿದ್ದಾಳೆ ಎಂದು ಆಗ ಯಾರೂ ಕೇಳಲಿಲ್ಲ. ರಾಯಚೂರಿನಿಂದ ಹತ್ತಿರದ ದೊಡ್ಡ ಮಿಲಿಟರಿ ಆಸ್ಪತ್ರೆ ಸಿಕಂದರಾಬಾದಿನ ತಿರುಮಲಗಿರಿಯಲ್ಲಿದೆ. ರಾಯಚೂರಿನಿಂದಲೇ 200 ಕಿಲೋಮೀಟರಿಗೂ ಹೆಚ್ಚು. ನಿಮ್ಮ ಹಳ್ಳಿಯಿಂದ ಲೆಕ್ಕ ಹಾಕಿದರೆ ಅದಕ್ಕೆ ಇನ್ನೂ 50ರ ಆಸುಪಾಸು ಕೂಡಿಸಬೇಕು. ಬೆಳಗಾವಿಯ ಮಿಲಿಟರಿ ಆಸ್ಪತ್ರೆ ಅದಕ್ಕಿಂತ ದೂರ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇಡೀ ರಾಜ್ಯದ ಸೈನಿಕ ಮನೆಗಳಿಗೆ ದೊಡ್ಡ ಆಸರೆ, ಆದರೆ ನಮಗೆ ಅದು 400 ಕಿಲೋಮೀಟರ್ ಆಚೆಗಿನ ಮಾತು.

ನನಗೆ ಇದು ಯಾವಾಗಲೂ ನೋವು ಕೊಡುವ ಸಂಗತಿ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿಗಾಗಿ ಎಷ್ಟು ದಂಡುಗಳು ಬಂದು ಹೋದವು! 1520ರಲ್ಲಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಷಾನೂ ಇದೇ ರಾಯಚೂರಿಗಾಗಿ ಕಾದಾಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆ ಬೀಡುಬಿಟ್ಟಿತ್ತು. ಆ ಊರಿಗೆ ‘ಛಾವಣಿ’ ಎಂಬ ಮಾತು ಅಂಟಿಕೊಂಡದ್ದು ಹಾಗೆ. ಈಗ ಛಾವಣಿಯೂ ಇಲ್ಲ, ಅದರ ಜೊತೆಗಿರುವ ಆಸ್ಪತ್ರೆಯೂ ಇಲ್ಲ. ಆದರೆ ಹುಡುಗರು ಮಾತ್ರ ಈಗಲೂ ಇಲ್ಲಿಂದ ಹೋಗುತ್ತಿದ್ದಾರೆ. ಮಾನ್ವಿಯ ಗದ್ದೆಯ ಬದುವಿನ ಮೇಲೆ, ದೇವದುರ್ಗದ ಡಾಂಬರು ರಸ್ತೆಯ ಮೇಲೆ ಬೆಳಗಿನ ಐದಕ್ಕೇ ಓಡುವ ಹುಡುಗರನ್ನು ನೀವೂ ನೋಡಿರುತ್ತೀರಿ.

ಹಾಗಾದರೆ ಮಗಳು ಏನು ಮಾಡಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಐದು ತಿಂಗಳಿಗೆ ಎಲ್ಲ ಸರಿಯಾಗಿದ್ದರೆ, ರಕ್ತ ಚೆನ್ನಾಗಿದ್ದು ಬಿ.ಪಿ. ಹತೋಟಿಯಲ್ಲಿದ್ದರೆ, ಬರಿಯ ‘ಫ್ರೀ’ ಎಂಬ ಒಂದೇ ಕಾರಣಕ್ಕೆ ಬಸುರಿಯನ್ನು ಸಿಕಂದರಾಬಾದಿಗೆ ಕರೆದೊಯ್ಯಬೇಕಾಗಿಲ್ಲ. ಸರಕಾರಿ ಆಸ್ಪತ್ರೆಯ ಹೆರಿಗೆ ಈ ದೇಶದ ಪ್ರತಿ ತಾಯಿಗೂ ಉಚಿತ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರ ಜೂನ್‌ನಿಂದ ನಡೆಯುತ್ತಿದೆ. ಸಹಜ ಹೆರಿಗೆ ಇರಲಿ ಸಿಸೇರಿಯನ್ ಇರಲಿ, ಔಷಧ, ರಕ್ತ, ಪರೀಕ್ಷೆ, ಊಟ, ಹೋಗಿಬರುವ ವಾಹನ ಯಾವುದಕ್ಕೂ ರೊಕ್ಕ ಕೇಳುವಂತಿಲ್ಲ. ಅದಕ್ಕೆ ಮಿಲ್ಟ್ರಿ ಕಾರ್ಡೂ ಬೇಡ, ರೇಷನ್ ಕಾರ್ಡಿನ ಬಣ್ಣವೂ ಲೆಕ್ಕಕ್ಕಿಲ್ಲ, ತಾಯಿ ಕಾರ್ಡ್ ಒಂದಿದ್ದರೆ ಸಾಕು. ದೇವದುರ್ಗದಲ್ಲಿ ತಾಲೂಕು ಆಸ್ಪತ್ರೆ ಇದೆ, ಅಲ್ಲಿ ಆಗದ್ದಕ್ಕೆ ರಾಯಚೂರಿನಲ್ಲಿ ರಿಮ್ಸ್ ಇದೆ. ಮಗಳು ಮಾನ್ವಿಯಲ್ಲಿ ತಾಯಿ ಕಾರ್ಡ್ ಮಾಡಿಸಿದ್ದರೆ ಅದನ್ನೇ ತಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ತೋರಿಸಲಿ. ನೋವು ಬಂದಾಗ 108 ಯಾರನ್ನು ಎಲ್ಲಿಗೆ ಒಯ್ಯಬೇಕು ಎಂಬುದು ಆಕೆಗೆ ಮುಂಚೆಯೇ ಗೊತ್ತಿರಲಿ.

ಆದರೆ ತಪಾಸಣೆಯಲ್ಲಿ ವೈದ್ಯರು ಏನಾದರೂ ಅನುಮಾನದ ಮಾತು ಆಡಿದ್ದರೆ, ಬಿ.ಪಿ. ಏರುತ್ತಿದ್ದರೆ, ಅವಳಿ ಇದ್ದರೆ, ಕೂಸಿನ ಬೆಳವಣಿಗೆ ಕಡಿಮೆ ಎಂದರೆ, ಆಗ ಸಿಕಂದರಾಬಾದ್ ವಿಚಾರ ಮಾಡಲೇಬೇಕು. ಅದನ್ನು ಈಗಲೇ ಮಾಡಬೇಕು. ಅಲ್ಲಿ ಬೇಗ ಹೆಸರು ಹಚ್ಚಿಸಿ, ಒಂದೆರಡು ಸಲ ತೋರಿಸಿ, ದಿನ ತುಂಬುವ ಮುಂಚೆಯೇ ಹೋಗಿ ಉಳಿಯುವಂತಿದ್ದರೆ ಮಾತ್ರ ಆ ದೂರಕ್ಕೆ ಅರ್ಥ. ನೋವು ತಿನ್ನುವ ಹೆಣ್ಣುಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಮೆಹಬೂಬನಗರ ದಾಟುವುದು ಬೇಡ. ಅಂಥ ಹೊತ್ತಿನಲ್ಲಿ ಎಲ್ಲಿ ಹತ್ತಿರವೋ ಅಲ್ಲಿ.

ಹಾಗೆ ತುರ್ತಾಗಿ ಸಿವಿಲ್ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಖರ್ಚನ್ನು ಮರಳಿ ಕೇಳುವ ಹಾದಿ ಸೇನೆಯಲ್ಲಿ ಇದೆ. ಅಳಿಯನವರು ತಕ್ಷಣ ಯೂನಿಟ್ಟಿಗೆ ತಿಳಿಸಬೇಕು. ಇದು ಜೀವದ ಪ್ರಶ್ನೆಯಾಗಿತ್ತು, ಕಾಯುವಂತಿರಲಿಲ್ಲ ಎಂದು ಆಸ್ಪತ್ರೆಯ ವೈದ್ಯರು ಬರೆದುಕೊಟ್ಟ ತುರ್ತು ಪ್ರಮಾಣಪತ್ರ, ಡಿಸ್ಚಾರ್ಜ್ ಕಾಗದ, ಮೂಲ ಬಿಲ್ಲುಗಳು ಎಲ್ಲ ಕೂಡಿಡಬೇಕು. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನಮಗೆ ಅನುಕೂಲ ಎಂದು ಮೊದಲೇ ಗೊತ್ತುಮಾಡಿಕೊಂಡ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಮಾಡಿಸಿ, ಬಿಲ್ ಕಳಿಸಿದರೆ ಮಿಲ್ಟ್ರಿಯವರು ಕೊಡುತ್ತಾರೆ ಎಂಬ ನಂಬಿಕೆಯಲ್ಲಿ ಸಾಲ ಮಾಡಬೇಡಿ. ಆ ನಂಬಿಕೆಯಲ್ಲಿ ಬಂಗಾರ ಅಡ ಇಟ್ಟ ಮನೆ ನನಗೆ ಗೊತ್ತು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲಗ್ನವಾಗಿ ವರ್ಷವಾಯಿತು ಎಂದಿರಿ. ಆ ಲಗ್ನ ಸೇನೆಗೆ ಗೊತ್ತೇ?

ಇದು ವಿಚಿತ್ರ ಪ್ರಶ್ನೆಯಂತೆ ಕಾಣಬಹುದು. ಊರಿಗೆಲ್ಲ ಊಟ ಹಾಕಿಸಿದ್ದೀರಿ, ಅಳಿಯನ ಗೆಳೆಯರು ಯೂನಿಟ್ಟಿನಿಂದ ಬಂದು ಅಕ್ಷತೆ ಹಾಕಿ ಹೋಗಿದ್ದಾರೆ. ಆದರೂ ಸೇನೆಯ ಕಡತದಲ್ಲಿ ನಿಮ್ಮ ಮಗಳು ಹೆಂಡತಿಯಾಗುವುದು ‘ಪಾರ್ಟ್ ಟೂ ಆರ್ಡರ್’ ಹೊರಟಾಗ. ಸೈನಿಕನ ಲಗ್ನ, ಕೂಸಿನ ಜನನ, ವಿಳಾಸದ ಬದಲಾವಣೆ ಇಂಥದ್ದನ್ನೆಲ್ಲ ಯೂನಿಟ್ ಈ ಆದೇಶದಲ್ಲಿ ಪ್ರಕಟಿಸುತ್ತದೆ, ಅದು ಆತನ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಹೋಗಿ ಸೇರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರಾದರೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು, ಹೀಗೆ ಒಂದೊಂದಕ್ಕೆ ಒಂದೊಂದು ಊರು. ಆ ಆದೇಶದ ಆಧಾರದ ಮೇಲೇ ಡಿಪೆಂಡೆಂಟ್ ಕಾರ್ಡ್, ಅದರ ಮೇಲೇ ಆಸ್ಪತ್ರೆಯ ಬಾಗಿಲು. ಮುಂದೆ ದೇವರು ಹಾಗೆ ಮಾಡದಿರಲಿ, ಏನಾದರೂ ಹೆಚ್ಚು ಕಡಿಮೆಯಾದರೆ ಪೆನ್ಶನ್ ಕೂಡ ಅದೇ ಕಾಗದದ ಮೇಲೆ ನಿಲ್ಲುತ್ತದೆ. ಹೊಸದಾಗಿ ಲಗ್ನವಾದ ಹುಡುಗರು ರಜೆ ಮುಗಿಸಿ ಹೋಗುವ ಅವಸರದಲ್ಲಿ ಇದನ್ನು ಮುಂದೂಡುತ್ತಾರೆ. ಮುಂದಿನ ರಜೆಗೆ ಬಂದಾಗ ಮದುವೆ ನೋಂದಣಿ, ಅದರ ಮುಂದಿನ ರಜೆಗೆ ಜಂಟಿ ಫೋಟೋ. ಅಷ್ಟರಲ್ಲಿ ಮಡದಿಗೆ ದಿನ ತುಂಬಿರುತ್ತದೆ.

ಇದರಲ್ಲೇ ಹೆಸರಿನ ತೊಡಕು ಇನ್ನೊಂದು. ನಮ್ಮ ಮನೆಯದೇ ಕಥೆ ಹೇಳುತ್ತೇನೆ. ನಮ್ಮಣ್ಣ ಸೇನೆಯಲ್ಲಿದ್ದ. ಅಪ್ಪ ತೀರಿಕೊಂಡ ಮೇಲೆ ಅವ್ವ ಅವನ ಅವಲಂಬಿತೆ. ಅವ್ವನಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದಾಗ ನೋಡಿದರೆ, ಅಣ್ಣನ ದಾಖಲೆಯಲ್ಲಿ ಅವ್ವನ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಆಧಾರ್ ಕಾರ್ಡಿನಲ್ಲಿ ‘ಅವ್ವ’ ಇದೆ. ಇಂಗ್ಲಿಷಿನಲ್ಲಿ ಬರೆದಾಗ ಅದು ಇಬ್ಬರು ಬೇರೆ ಬೇರೆ ಹೆಂಗಸರ ಹೆಸರಾಗಿ ಕಂಡಿತು. ನಮ್ಮೂರಲ್ಲಿ ಕೇಳಿ, ಅದು ಒಂದೇ ಹೆಸರು. ಕರೆಯುವವರ ನಾಲಿಗೆಗೆ ತಕ್ಕಂತೆ ಬದಲಾಗುತ್ತದೆ. ಕಚೇರಿಯ ಗುಮಾಸ್ತರು ಬೇರೆ ರಾಜ್ಯದವರು, ಅವರಿಗೆ ಅದು ಹೇಗೆ ತಿಳಿಯಬೇಕು? ಅಫಿಡವಿಟ್ಟು, ನೋಟರಿ, ಮತ್ತೆ ಅಣ್ಣನಿಗೆ ರಜೆ, ಮತ್ತೊಂದು ಅರ್ಜಿ, ಹೀಗೆ ಹನ್ನೊಂದು ತಿಂಗಳು. ಅಷ್ಟೂ ತಿಂಗಳು ಅವ್ವ ಒಂದು ಕಣ್ಣು ಮುಚ್ಚಿಕೊಂಡು ರೊಟ್ಟಿ ಬಡಿದಳು. ಕೊನೆಗೆ ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ ಆಕೆ ಮೊದಲು ಕೇಳಿದ್ದು, ‘ನನ್ನ ಹೆಸರು ಈಗ ಸರಿ ಆತೇನು?’ ಎಂದು.

ಅದಕ್ಕೇ ಹೇಳುತ್ತಿರುವುದು. ನಿಮ್ಮ ಮಗಳ ಶಾಲೆಯ ಟಿ.ಸಿ., ಆಧಾರ್, ಮದುವೆ ನೋಂದಣಿ ಪತ್ರ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡಿ. ಲಗ್ನದ ನಂತರ ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು ಸೇರಿಸಿದ್ದರೆ, ಅಳಿಯನವರ ದಾಖಲೆಯಲ್ಲಿ ತವರಿನ ಹೆಸರು ಉಳಿದಿದೆಯೇ ನೋಡಿ. ಹುಟ್ಟಿದ ತಾರೀಖು ಕೂಡ. ತಪ್ಪಿದ್ದರೆ ಈಗ ತಿದ್ದಿಸುವುದು ಒಂದು ಅರ್ಜಿಯ ಕೆಲಸ, ಮೈಮೇಲೆ ಬಂದಾಗ ತಿದ್ದಿಸುವುದು ವರ್ಷದ ಕೆಲಸ.

ದೂರದಲ್ಲಿರುವ ಸೈನಿಕ ಮನೆಯವರಿಗೆ ಈಚೆಗೆ ಒಂದು ಒಳ್ಳೆಯ ಅನುಕೂಲವಾಗಿದೆ. 2021ರ ಮೇ ತಿಂಗಳಲ್ಲಿ ರಕ್ಷಣಾ ಇಲಾಖೆ ‘ಸೇಹತ್ ಒಪಿಡಿ’ ಎಂಬ ವ್ಯವಸ್ಥೆ ಶುರು ಮಾಡಿತು. ಮೊಬೈಲಿನಲ್ಲೇ ಸೇನೆಯ ವೈದ್ಯರು ವಿಡಿಯೋದಲ್ಲಿ ಮುಖ ನೋಡಿ ಮಾತಾಡುತ್ತಾರೆ, ಚೀಟಿ ಬರೆಯುತ್ತಾರೆ. ಸೇವೆಯಲ್ಲಿರುವವರಿಗೂ ನಿವೃತ್ತರಿಗೂ ಅವರ ಮನೆಯವರಿಗೂ ಇದು ಉಚಿತ. ಹೆರಿಗೆಗೆ ಇದು ಬದಲಿಯಲ್ಲ, ಹೊಟ್ಟೆ ಮುಟ್ಟಿ ನೋಡುವ ಕೈ ಬೇಕೇ ಬೇಕು. ಆದರೆ ರಾತ್ರಿ ಕಾಲು ಬಾತಿದೆ, ಇದು ಸಹಜವೋ ಅಲ್ಲವೋ ಎಂಬಂಥ ಅನುಮಾನಕ್ಕೆ ಆ ವೈದ್ಯರನ್ನು ಕೇಳುವುದು ನೆರೆಮನೆಯವರನ್ನು ಕೇಳುವುದಕ್ಕಿಂತ ಮೇಲು.

ಮನಸ್ಸಿನ ಮಾತೂ ಒಂದಿದೆ. ಮೊದಲ ಬಸುರು, ಗಂಡ ಜಮ್ಮುವಿನಲ್ಲಿ, ಟಿವಿ ಹಚ್ಚಿದರೆ ಗಡಿಯ ಸುದ್ದಿ. ಫೋನು ಎರಡು ದಿನ ಬರದಿದ್ದರೆ ಆ ಹುಡುಗಿಯ ಹೊಟ್ಟೆಯಲ್ಲಿ ಏನಾಗುತ್ತದೆ ಎಂಬುದು ಹೆತ್ತ ನಿಮಗೆ ಹೇಳಬೇಕಾಗಿಲ್ಲ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದರೆ ‘ಬಸುರಿ ಅಂದ್ರ ಹಂಗೇ’ ಎಂದು ತಳ್ಳಿಹಾಕಬೇಡಿ. ಟೆಲಿ ಮಾನಸ್ ಎಂಬ ಸರಕಾರದ ಸಹಾಯವಾಣಿ ಇದೆ, ನಂಬರು 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಬೆನ್ನೆಲುಬು. ಸೈನಿಕರಿಗೆ ಮತ್ತು ಅವರ ಮನೆಯವರಿಗೆಂದೇ 2023ರ ಕೊನೆಗೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಅದರ ಒಂದು ಪ್ರತ್ಯೇಕ ಘಟಕವನ್ನೂ ತೆರೆದಿದ್ದಾರೆ.

ಈಗ ನಿಮ್ಮ ನೆಗೆಣ್ಣಿಯ ವಿಚಾರ. ‘ಆಕೀಗೆ ಏನೂ ಸಿಗೂದಿಲ್ಲೇನು’ ಎಂದು ಕೇಳಿದ್ದೀರಿ. ಸಿಗುತ್ತದೆ ಅಕ್ಕಾವರೆ, ಬಹಳ ಸಿಗುತ್ತದೆ. ಆಕೆ ಕೇಳದೆ ಉಳಿದಿದ್ದಾರೆ ಅಷ್ಟೆ.

2003ಕ್ಕಿಂತ ಮುಂಚೆ ನಿವೃತ್ತ ಸೈನಿಕರ ಪಾಡು ಕಷ್ಟದ್ದಿತ್ತು. ಮಿಲಿಟರಿ ಆಸ್ಪತ್ರೆಯಲ್ಲಿ ಸೇವೆಯಲ್ಲಿರುವವರಿಗೆ ಕೊಟ್ಟು ಉಳಿದ ಹಾಸಿಗೆ, ಉಳಿದ ಔಷಧ ಇವರಿಗೆ. ಅದೂ ಆ ಊರು ಮುಟ್ಟಿದರೆ. ಇಸಿಎಚ್‌ಎಸ್ ಜಾರಿಗೆ ಬಂದದ್ದು 2003ರ ಏಪ್ರಿಲ್ 1ರಂದು. ಮೊದಲು ಅದರ ಸ್ವಂತ ಚಿಕಿತ್ಸಾಲಯಗಳು, ಅಂದರೆ 227 ಪಾಲಿಕ್ಲಿನಿಕ್‌ಗಳು ಮಂಜೂರಾದವು, 2010ರಲ್ಲಿ ಇನ್ನೂ 199 ಸೇರಿದವು. ಈ ಯೋಜನೆಯಲ್ಲಿ ನನಗೆ ಬಹಳ ಹಿಡಿಸಿದ ಗುಣ ಒಂದಿದೆ. ಖಾಸಗಿ ವಿಮೆಯವರಂತೆ ಇವರು ವಯಸ್ಸು ಕೇಳಿ ಬಾಗಿಲು ಹಾಕುವುದಿಲ್ಲ, ಶುಗರ್ ಮೊದಲೇ ಇತ್ತಲ್ಲ ಎಂದು ಹಿಂದೆ ಸರಿಯುವುದಿಲ್ಲ, ವರ್ಷಕ್ಕೆ ಇಷ್ಟೇ ಲಕ್ಷ ಎಂದು ಗೆರೆ ಎಳೆಯುವುದಿಲ್ಲ. ಒಮ್ಮೆ ಕಟ್ಟಿದರೆ ಮುಗಿಯಿತು, ಜೀವ ಇರುವ ತನಕ. ಗಂಡ ಹೋದ ಮೇಲೂ ಹೆಂಡತಿಯ ಹಕ್ಕು ಹಾಗೇ ಉಳಿಯುತ್ತದೆ.

ನೆಗೆಣ್ಣಿ ಎಷ್ಟು ಕಟ್ಟಬೇಕು ಎಂಬುದು ಭಾವನವರು ಯಾವಾಗ ನಿವೃತ್ತರಾದರು ಎಂಬುದರ ಮೇಲೆ ನಿಂತಿದೆ. ಡಿಸ್ಚಾರ್ಜ್ ಬುಕ್ ತೆಗೆದು ತಾರೀಖು ನೋಡಿ. 1996ರ ಜನವರಿ 1ಕ್ಕಿಂತ ಮುಂಚೆ ಆಗಿದ್ದರೆ ಒಂದು ಪೈಸೆಯೂ ಕಟ್ಟಬೇಕಿಲ್ಲ. ಯುದ್ಧದಲ್ಲಿ ಮಡಿದವರ ಮಡದಿಯರಿಗೂ ವಂತಿಗೆ ಇಲ್ಲ. 2003ರ ಏಪ್ರಿಲ್ ನಂತರ ನಿವೃತ್ತರಾಗಿದ್ದರೆ ವಂತಿಗೆಯನ್ನು ಆಗಲೇ ಹಿಡಿದಿರುತ್ತಾರೆ, ಏಕೆಂದರೆ ಅಲ್ಲಿಂದಾಚೆಗೆ ಸದಸ್ಯತ್ವ ಕಡ್ಡಾಯ. ಹಾಗಿದ್ದರೆ ಭಾವನವರ ಹಳೆಯ ಕಾರ್ಡ್ ಮನೆಯಲ್ಲೇ ಎಲ್ಲೋ ಇರಬೇಕು. ಅವರ ಮರಣ ಪ್ರಮಾಣಪತ್ರ ಕೊಟ್ಟು ತಮ್ಮ ಹೆಸರಿನಲ್ಲಿ ಹೊಸ ಕಾರ್ಡ್ ಮಾಡಿಸಿಕೊಳ್ಳುವುದಷ್ಟೇ ನೆಗೆಣ್ಣಿಯ ಕೆಲಸ. 1996 ಮತ್ತು 2003ರ ನಡುವಿನ ಆ ಏಳು ವರ್ಷಗಳಲ್ಲಿ ನಿವೃತ್ತರಾಗಿದ್ದು, ಆಗ ಸೇರದೆ ಉಳಿದಿದ್ದರೆ ಮಾತ್ರ ಈಗ ಕಟ್ಟಬೇಕು. 2017ರ ಡಿಸೆಂಬರಿನಲ್ಲಿ ನಿಗದಿಯಾದ ದರದಂತೆ ಸಿಪಾಯಿಯಿಂದ ಹವಾಲ್ದಾರರವರೆಗೆ 30,000 ರೂಪಾಯಿ. ಸುಬೇದಾರರ ದರ್ಜೆಗೆ 67,000, ಅಧಿಕಾರಿಗಳಿಗೆ 1,20,000.

ಮೂವತ್ತು ಸಾವಿರ ಎಂದಾಗ ನೆಗೆಣ್ಣಿ ಹಿಂದೆ ಮುಂದೆ ನೋಡಬಹುದು. ಪೆನ್ಶನ್ ಚೀಟಿಯಲ್ಲಿ ಎಫ್‌ಎಂಎ ಎಂದು ತಿಂಗಳಿಗೆ 1,000 ರೂಪಾಯಿ ಬರುತ್ತಿದೆಯೇ ನೋಡಿ. ಈ ಯೋಜನೆಗೆ ಸೇರದವರಿಗೆ ಔಷಧದ ಖರ್ಚಿಗೆಂದು ಕೊಡುವ ಭತ್ಯೆ ಅದು. ಸೇರಿದರೆ ನಿಲ್ಲುತ್ತದೆ. ಕೈಗೆ ಬರುವ ಸಾವಿರ ಬಿಟ್ಟು ಮೇಲೆ ಮೂವತ್ತು ಸಾವಿರ ಕಟ್ಟುವುದೇ ಎಂದು ಲೆಕ್ಕ ಹಾಕಿ ಸುಮ್ಮನಾದ ಮುದುಕರು ಎಷ್ಟೋ ಮಂದಿ. ಶುಗರ್ ಮತ್ತು ಬಿ.ಪಿ. ಎರಡೂ ಇರುವವರು ಹಾಗೆ ಸುಮ್ಮನಿರಬಾರದು ಎಂದೇ ನನ್ನ ಮಾತು. ಈ ಎರಡು ಕಾಯಿಲೆ ಕೂಡಿ ಹೊಕ್ಕ ಮನೆಗೆ ಮುಂದೆ ಕಿಡ್ನಿ, ಕಣ್ಣು, ಎದೆ ಇವುಗಳಲ್ಲಿ ಒಂದಾದರೂ ಬಂದು ನಿಲ್ಲುವ ಸಂಭವ ಹೆಚ್ಚು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದ ದಿನ ಬಂದರೆ ತಿಂಗಳ ಸಾವಿರ ರೂಪಾಯಿ ಬಸ್ ಚಾರ್ಜಿಗೂ ಸಾಲದು. ಮಕ್ಕಳು ಕೂಡಿ ಆ ಮೂವತ್ತು ಸಾವಿರ ಹೊಂದಿಸಿ ಕೊಡಲಿ. ಅವ್ವನಿಗೆ ಮಾಡಿಸುವ ಬಂಗಾರದ ಬಳೆಗಿಂತ ಇದು ದೊಡ್ಡ ಉಡುಗೊರೆ.

ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಪಿಪಿಒ ಎಂಬ ಪೆನ್ಶನ್ ಆದೇಶ, ಡಿಸ್ಚಾರ್ಜ್ ಬುಕ್, ಆಧಾರ್, ಪ್ಯಾನ್, ಭಾವನವರ ಮರಣ ಪ್ರಮಾಣಪತ್ರ, ಫೋಟೋ ಇಷ್ಟು ಕೈಯಲ್ಲಿರಲಿ. ಊರಿನ ಸೇವಾ ಕೇಂದ್ರದ ಹುಡುಗನ ಕೈಗೆ ಎಲ್ಲ ಕೊಟ್ಟು ಮನೆಗೆ ಬರಬೇಡಿ, ಪಕ್ಕದಲ್ಲಿ ಕೂತು ಹೆಸರಿನ ಅಕ್ಷರ ನೋಡಿ. ಇಲ್ಲೂ ‘ಅವ್ವ’, ‘ಅಮ್ಮ’ ಕಾಡುತ್ತದೆ. ತಿಳಿಯದಿದ್ದರೆ ರಾಯಚೂರು ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಕೇಳಿ, ಸೈನಿಕರ ವಿಧವೆಯರಿಗೆ ನೆರವಾಗುವುದು ಅವರ ಕರ್ತವ್ಯವೇ ಆಗಿದೆ. ನಮ್ಮ ಭಾಗದ ಮಾಜಿ ಸೈನಿಕರ ಸಂಘಗಳಲ್ಲೂ ಇದನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡ ಹಿರಿಯರು ಇರುತ್ತಾರೆ. ಅವರಿಗೆ ಒಂದು ಚಹಾ ಕುಡಿಸಿ ಕೂತು ಕೇಳಿದರೆ ಅರ್ಧ ಕೆಲಸ ಆದಂತೆ.

ಕಾರ್ಡ್ ಬಂದ ಮೇಲೆ ದೇಶದ ಯಾವ ಪಾಲಿಕ್ಲಿನಿಕ್ಕಿಗಾದರೂ ಹೋಗಬಹುದು. ಬೆಂಗಳೂರಿನಲ್ಲಿ ನೆಂಟರ ಮನೆಗೆ ಹೋದರೆ ಅಲ್ಲಿಯೇ ಗುಳಿಗೆ ತರಬಹುದು. ಪಾಲಿಕ್ಲಿನಿಕ್ಕಿನಲ್ಲಿ ವೈದ್ಯರ ತಪಾಸಣೆ, ರಕ್ತ ಪರೀಕ್ಷೆ, ಔಷಧ ಸಿಗುತ್ತವೆ. ಅಲ್ಲಿ ಆಗದ್ದಕ್ಕೆ ರೆಫರಲ್ ಬರೆದು, ಒಪ್ಪಂದ ಇರುವ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ರೊಕ್ಕ ಕೊಡಬೇಕಿಲ್ಲ. ಬಹಳ ವಯಸ್ಸಾದವರಿಗೆ ಈ ರೆಫರಲ್ಲಿನಲ್ಲಿ ರಿಯಾಯಿತಿಯೂ ಇದೆ. ಸೇರುವ ಮುಂಚೆ ಆಸ್ಪತ್ರೆಯ ಒಪ್ಪಂದ ಚಾಲ್ತಿಯಲ್ಲಿದೆಯೇ ಎಂದು ಕೇಳಿಕೊಳ್ಳಿ, ಹೋದ ವರ್ಷ ಇದ್ದದ್ದು ಈ ವರ್ಷ ಇರಬೇಕೆಂದಿಲ್ಲ. ತುರ್ತಿನಲ್ಲಿ ಒಪ್ಪಂದ ಇಲ್ಲದ ಆಸ್ಪತ್ರೆಗೇ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಬೇಕು. ಈ ಗಡುವನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಆಗ ಬಿಲ್ ನೀವು ಕಟ್ಟಿ ಆಮೇಲೆ ಕೇಳಬೇಕು. ಬರುವುದು ಕೇಂದ್ರ ಸರಕಾರ ಗೊತ್ತುಮಾಡಿದ ದರದಂತೆ, ಆಸ್ಪತ್ರೆ ಅದಕ್ಕಿಂತ ಹೆಚ್ಚು ಬರೆದಿದ್ದರೆ ಆ ವ್ಯತ್ಯಾಸ ನಮ್ಮ ಮೇಲೆ.

ಎಲ್ಲವೂ ಹೂವಿನ ಹಾಸಿಗೆ ಎಂದು ನಾನು ಹೇಳಲಾರೆ. ಪಾಲಿಕ್ಲಿನಿಕ್ಕಿನಲ್ಲಿ ಔಷಧದ ಕೊರತೆ, ಆಸ್ಪತ್ರೆಗಳಿಗೆ ಸರಕಾರದಿಂದ ಬಿಲ್ ತಡವಾಗಿ ಸೇರುವುದು, ಅದರ ಸಿಟ್ಟನ್ನು ಕೆಲವು ಕಡೆ ರೋಗಿಯ ಮೇಲೆ ತೀರಿಸುವುದು ಇವೆಲ್ಲ ಮಾಜಿ ಸೈನಿಕರ ಬಾಯಲ್ಲಿ ಸದಾ ಇರುವ ದೂರುಗಳು. ಬರೆದ ಔಷಧ ಅಲ್ಲಿ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಸಿಕೊಂಡು ಹೊರಗೆ ಕೊಂಡು ರೊಕ್ಕ ಮರಳಿ ಕೇಳಬಹುದು, ಬರೆಸಿಕೊಳ್ಳದೆ ಬರಬೇಡಿ. ಕಾರ್ಡ್ ಕೈಗೆ ಬರುವ ತನಕ ನೆಗೆಣ್ಣಿ ಗುಳಿಗೆ ತಪ್ಪಿಸಬಾರದು. ತಾಲೂಕು ಆಸ್ಪತ್ರೆಯಲ್ಲಿ ಸಾಂಕ್ರಾಮಿಕವಲ್ಲದ ಕಾಯಿಲೆಗಳಿಗೆಂದು ಇರುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಶುಗರ್, ಬಿ.ಪಿ. ಗುಳಿಗೆ ಉಚಿತವಾಗಿ ಕೊಡುತ್ತಾರೆ. ಸೈನಿಕನ ಮಡದಿ ಎಂಬ ಅಭಿಮಾನಕ್ಕೆ ಆ ಸಾಲಿನಲ್ಲಿ ನಿಲ್ಲಲು ಸಂಕೋಚ ಬೇಡ.

ಆಕೆಗೆ ಮಕ್ಕಳು ಸಣ್ಣವರಿದ್ದರೆ ಅವರೂ ಸೇರುತ್ತಾರೆ. ಗಂಡುಮಕ್ಕಳು 25 ತುಂಬುವ ತನಕ, ಅದಕ್ಕೆ ಮುಂಚೆ ದುಡಿಮೆ ಅಥವಾ ಮದುವೆ ಆದರೆ ಅಲ್ಲಿಗೇ. ಹೆಣ್ಣುಮಕ್ಕಳು ಮದುವೆ ಅಥವಾ ದುಡಿಮೆಯ ತನಕ, ವಯಸ್ಸಿನ ಮಿತಿ ಇಲ್ಲ. ಅಂಗವಿಕಲ ಮಕ್ಕಳಿಗೆ ಜೀವನಪೂರ್ತಿ. ನಿಮ್ಮ ಮಾನ್ವಿಯ ಬೀಗರ ವಿಷಯ ಕೂಡ ಇಲ್ಲೇ ಹೇಳಿಬಿಡುತ್ತೇನೆ. ಅವರು ಮಗನ ಅವಲಂಬಿತರು ಎನ್ನಿಸಿಕೊಳ್ಳಲು ಅಪ್ಪ ಅವ್ವ ಇಬ್ಬರ ಆದಾಯ ಕೂಡಿ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯೊಳಗೆ ಇರಬೇಕು.

ನಮ್ಮ ಕಡೆ ಖಾಕಿ ತೊಟ್ಟು ಉತ್ತರಕ್ಕೆ ಹೋದವರನ್ನೆಲ್ಲ ‘ಮಿಲ್ಟ್ರಿ’ ಎಂದೇ ಕರೆಯುವುದು ರೂಢಿ. ಅದರಿಂದ ಇನ್ನೊಂದು ಗೊಂದಲ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಇವು ಗೃಹ ಇಲಾಖೆಯ ಪಡೆಗಳು, ಇಸಿಎಚ್‌ಎಸ್ ಅವರಿಗಿಲ್ಲ. ಆ ಪಡೆಗಳಲ್ಲಿ ಸೇವೆಯಲ್ಲಿರುವವರ ಮನೆಯವರಿಗೆ 2021ರ ಜನವರಿಯಲ್ಲಿ ಆಯುಷ್ಮಾನ್ ಸಿಎಪಿಎಫ್ ಶುರುವಾಯಿತು. ನೆರೆಹೊರೆಯಲ್ಲಿ ಅಂಥವರಿದ್ದರೆ ಅವರ ಕಾರ್ಡಿನ ಅನುಭವ ನಿಮ್ಮದಕ್ಕೆ ಹೊಂದುವುದಿಲ್ಲ, ನಿಮ್ಮದು ಅವರದಕ್ಕೂ ಅಷ್ಟೆ. ಮತ್ತೆ ಅಗ್ನಿವೀರರು. 2022ರ ಜೂನ್‌ನಲ್ಲಿ ಬಂದ ಈ ಯೋಜನೆಯಲ್ಲಿ ಸೇರಿದ ಹುಡುಗನಿಗೆ ನಾಲ್ಕು ವರ್ಷದ ಸೇವೆಯಲ್ಲಿ ಸೇನೆಯ ಆಸ್ಪತ್ರೆ ಉಂಟು. ನಾಲ್ಕು ವರ್ಷ ಮುಗಿಸಿ ಹೊರಬಂದವನಿಗೆ ಪೆನ್ಶನ್ನೂ ಇಲ್ಲ, ಇಸಿಎಚ್‌ಎಸ್ ಕಾರ್ಡೂ ಇಲ್ಲ. ಕಾಯಂ ಆಗುವ 25 ಪ್ರತಿಶತದವರಿಗೆ ಮಾತ್ರ ಮುಂದಿನ ದಾರಿ. ಇಂಥ ಹುಡುಗನಿಗೆ ಹೆಣ್ಣು ಕೊಡುವ ಮನೆಯವರು ಇದನ್ನು ತಿಳಿದೇ ಕೊಡಲಿ.

ಈ ದೂರದ ಸಂಕಟ ಬರಿ ಸೈನಿಕರ ಮನೆಯದಲ್ಲ ಎಂಬುದನ್ನೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ರಾಯಚೂರಿಗೆ ಏಮ್ಸ್ ಕೊಡಿ ಎಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿ ನಡೆದದ್ದನ್ನು ನೀವು ಕಂಡಿದ್ದೀರಿ. ಅಲ್ಲಿ ಕೂತವರಲ್ಲಿ ರೈತರಿದ್ದರು, ವಿದ್ಯಾರ್ಥಿಗಳಿದ್ದರು, ವಕೀಲರಿದ್ದರು. ಹತ್ತಿ ಬಿಡಿಸುವ ಕೂಲಿಯ ಹೆಂಗಸಿಗೂ ಸೈನಿಕನ ಮಡದಿಗೂ ಹೊತ್ತಲ್ಲದ ಹೊತ್ತಿನಲ್ಲಿ ಬೇಕಾಗುವುದು ಒಂದೇ ಆಸ್ಪತ್ರೆ. ಅದು ರಾಯಚೂರಿನಲ್ಲೇ ಇದ್ದರೆ ನಿಮ್ಮ ಈ ಪತ್ರದ ಅರ್ಧ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಸದ್ಯಕ್ಕೆ, ಅಳಿಯನವರು ಈ ಭಾನುವಾರ ಫೋನ್ ಮಾಡಿದಾಗ ಕೇಳಬೇಕಾದ್ದು ಇಷ್ಟು. ಲಗ್ನದ ಪಾರ್ಟ್ ಟೂ ಹೊರಟಿದೆಯೇ? ಹೊರಟಿದ್ದರೆ ಅದರ ನಕಲನ್ನೂ ಡಿಪೆಂಡೆಂಟ್ ಕಾರ್ಡನ್ನೂ ಮಗಳ ಕೈಗೆ ಮುಟ್ಟಿಸಲಿ, ಫೋಟೋ ತೆಗೆದು ಫೋನಿನಲ್ಲೂ ಕಳಿಸಲಿ. ಹೊರಟಿಲ್ಲವೆಂದರೆ ಏನು ಕಾಗದ ಬೇಕು ಎಂದು ಕೇಳಿ ನೀವೇ ಇಲ್ಲಿಂದ ಹೊಂದಿಸಿ ಕಳಿಸಿ. ಹೆರಿಗೆಯಾದ ಮೇಲೆ 21 ದಿನದೊಳಗೆ ಜನನ ನೋಂದಣಿ ಮಾಡಿಸಿ, ಆ ಪ್ರಮಾಣಪತ್ರ ಜಮ್ಮುವಿಗೆ ಹೋಗಿ ಕೂಸಿನ ಹೆಸರೂ ಪಾರ್ಟ್ ಟೂದಲ್ಲಿ ಬರಬೇಕು. ತೊಟ್ಟಿಲಲ್ಲಿ ಯಾವ ಮುದ್ದಿನ ಹೆಸರಿನಿಂದ ಕರೆದರೂ ಸರಿ, ಕಾಗದದ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ಕೂಸಿನ ಅಪ್ಪನ ಜೊತೆ ಒಮ್ಮೆ ಮಾತಾಡಿ ಗೊತ್ತುಮಾಡಿ, ಅದನ್ನೇ ತಾಯಿ ಕಾರ್ಡಿನ ಹಿಂದೆ ಬರೆದಿಟ್ಟುಕೊಳ್ಳಿ.